ಕುಡಿತ ರಕ್ತದಲ್ಲೇ ಬರುತ್ತದೆಯೇ?

ಸಂತೆಕಲ್ಲೂರಿನ ತಾಯಿಯೊಬ್ಬರು ಕೇಳಿದ ಪ್ರಶ್ನೆಯಿದು. "ನಮ್ಮನೆಯವ್ರು ಕುಡದು ಕುಡದ ಹೋದ್ರು. ಮಗಾ ಈಗ ಹತ್ತನೇತ್ತ ಓದಾಕತ್ಯಾನ್ರಿ. ಅದ ಸಿಟ್ಟು, ಅದ ಹಟ. ಇವನೂ ಅಪ್ಪನಂಗ ಆಗ್ತಾನೇನ್ರಿ?" ಪಕ್ಕದಲ್ಲಿದ್ದ ಅಜ್ಜಿ ಉತ್ತರ ಕೊಟ್ಟೇಬಿಟ್ಟರು: ಹುಟ್ಟುಗುಣ ಸುಟ್ಟರೂ ಹೋಗದು.

ಆದರೆ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹೇಳುವವರೂ ನಾವೇ. ಒಂದು ಗಾದೆ ಹುಟ್ಟಿನ ಪರ, ಇನ್ನೊಂದು ಸಾಕಣೆಯ ಪರ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1874ರಲ್ಲಿ ಈ ಎರಡನ್ನೂ ಎದುರುಬದುರು ನಿಲ್ಲಿಸಿದಂದಿನಿಂದ ಮನಃಶಾಸ್ತ್ರಜ್ಞರೂ ಇದೇ ಜಗಳದಲ್ಲಿದ್ದಾರೆ. ತಂದೆಯ ಪಾಪಕ್ಕೆ ಮಗ ಹೊಣೆಯಲ್ಲವೆಂದು ಪ್ರವಾದಿ ಯೆಜೆಕಿಯೇಲನ ಗ್ರಂಥದ 18ನೇ ಅಧ್ಯಾಯ ತಿಳಿಸುತ್ತದೆ, ನಿಜ. ಆದರೆ ಆ ತಾಯಿ ಕೇಳಿದ್ದು ಪಾಪದ ಲೆಕ್ಕವನ್ನಲ್ಲ, ಮೈಯ ಲೆಕ್ಕವನ್ನು.

ಹುಟ್ಟನ್ನೂ ಸಾಕಣೆಯನ್ನೂ ಬಿಡಿಸಿ ನೋಡಬೇಕಾದರೆ ದತ್ತು ಹೋದ ಮಕ್ಕಳನ್ನು ನೋಡಬೇಕು. ಡೊನಾಲ್ಡ್ ಗುಡ್‌ವಿನ್ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ಅದನ್ನೇ ಮಾಡಿ 1973ರಲ್ಲಿ ಪ್ರಕಟಿಸಿದರು. ಕುಡಿತದ ರೋಗವಿದ್ದವರಿಗೆ ಹುಟ್ಟಿ, ಎಳೆಗೂಸಾಗಿದ್ದಾಗಲೇ ಬೇರೆ ಮನೆ ಸೇರಿದ ಗಂಡುಮಕ್ಕಳಲ್ಲಿ ನೂರಕ್ಕೆ 18 ಮಂದಿ ಕುಡಿತದ ರೋಗಿಗಳಾಗಿದ್ದರು. ಉಳಿದ ದತ್ತುಮಕ್ಕಳಲ್ಲಿ ನೂರಕ್ಕೆ 5. ಅಂದರೆ ಅಜ್ಜಿಯ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದೇ ಲೆಕ್ಕವನ್ನು ತಿರುಗಿಸಿ ನೋಡಿ: ನೂರಕ್ಕೆ 82 ಮಂದಿ ಹಾಗಾಗಲಿಲ್ಲ!

ಅವಳಿಮಕ್ಕಳ ಅಧ್ಯಯನಗಳೆಲ್ಲ ಸೇರಿ ಇಂದು ಹೇಳುವುದು, ಈ ವಿಷಯದಲ್ಲಿ ವಂಶದ ಪಾಲು ಸುಮಾರು ಅರ್ಧ ಎಂದು. ಇಲ್ಲಿ ಬಹಳ ಜನ ಎಡವುತ್ತಾರೆ. ನಿಮ್ಮ ಮಗನಲ್ಲಿ ಅರ್ಧ ಕುಡುಕ ಕುಳಿತಿದ್ದಾನೆ ಎಂದು ಇದರ ಅರ್ಥವಲ್ಲ. ಒಂದೇ ಚೀಲದ ಜೋಳವನ್ನು ಮಳೆ ನಂಬಿದ ಎರೆ ಹೊಲದಲ್ಲಿ ಒಂದಿಷ್ಟು, ನೀರಾವರಿ ಹೊಲದಲ್ಲಿ ಒಂದಿಷ್ಟು ಬಿತ್ತಿರೆಂದುಕೊಳ್ಳಿ. ಒಂದೇ ಹೊಲದೊಳಗಿನ ದಂಟುಗಳ ಏರುಪೇರಿಗೆ ಬೀಜ ಕಾರಣವಿರಬಹುದು. ಎರಡು ಹೊಲಗಳ ನಡುವಿನ ಅಂತರಕ್ಕೆ ನೀರೇ ಕಾರಣ. ಒಂದು ದಂಟನ್ನು ಕಿತ್ತು ಹಿಡಿದು, ಇದರಲ್ಲಿ ಬೀಜವೆಷ್ಟು, ನೀರೆಷ್ಟು ಎಂದು ಕೇಳಿದರೆ ಯಾವ ರೈತನೂ ನಕ್ಕಾನು.

ಹಾಗಾದರೆ ವಂಶದಲ್ಲಿ ಬರುವುದೇನು? ಬಾಟಲಿಯಂತೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ವಿವೇಕ್ ಬೆನಗಲ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಮನವಿಟ್ಟಾಗ ಮಿದುಳಿನಲ್ಲಿ ಏಳುವ ಒಂದು ವಿದ್ಯುತ್ ಅಲೆಯನ್ನು ಅಳೆದರು. ಮನೆತನದಲ್ಲಿ ಕುಡಿತದ ಹೊರೆ ಹೆಚ್ಚಿದ್ದಷ್ಟೂ ಗಂಡಸರಲ್ಲಿ ಆ ಅಲೆ ಸಣ್ಣದಾಗಿತ್ತು. ಬರುವುದು ಇಂಥ ಮೈಮನಸ್ಸಿನ ಒಲವು: ತಡೆಯಿಲ್ಲದ ಚಡಪಡಿಕೆ, ಮುನ್ನುಗ್ಗುವ ಸ್ವಭಾವ. ಇನ್ನೊಂದಿದೆ. ಅಮೆರಿಕದ ಮಾರ್ಕ್ ಶುಕಿಟ್ ಕಂಡಂತೆ, ಕುಡಿದರೂ ಬೇಗ ಅಮಲೇರದ ಯುವಕರೇ ಮುಂದೆ ಹೆಚ್ಚಾಗಿ ಕುಡಿತಕ್ಕೆ ಬಲಿಯಾದರು. ನಮ್ಮಲ್ಲಿ ಮದುವೆ, ಜಾತ್ರೆಗಳಲ್ಲಿ ಅಂಥವನ ಬೆನ್ನು ತಟ್ಟಿ "ಗಟ್ಟಿ ಮನಷ್ಯಾ" ಎನ್ನುತ್ತಾರೆ!

ಬೀಜದ ಮಾತಾಯಿತು, ನೀರು ಹಾಯಿಸುವವರು ಯಾರು? ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು, ಉಳಿದ ಮದ್ಯ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೇಳುತ್ತ ನಡೆದುಹೋದ ಹೆಂಗಸರಲ್ಲಿ ನಮ್ಮ ರಾಯಚೂರು ಜಿಲ್ಲೆಯವರೂ ಇದ್ದರು. ವಂಶವಾಹಿಯ ಹೆಸರು ಕೇಳದಿದ್ದರೂ, ಯಾವುದನ್ನು ಬದಲಿಸಬಹುದೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ತಾಯಿಗೆ ನಾನು ಹೇಳಿದ್ದಿಷ್ಟು. ಸಿಟ್ಟು ಬಂದಾಗ "ನೀನೂ ನಿಮ್ಮಪ್ಪನಂಗ" ಎನ್ನಬೇಡಿ. ಹುಡುಗ ಅದನ್ನೇ ತನ್ನ ಹಣೆಬರಹವೆಂದು ನಂಬಿಯಾನು. ಮನೆಯಲ್ಲಿ ಸಕ್ಕರೆ ಕಾಯಿಲೆಯಿದ್ದರೆ ಮಕ್ಕಳಿಗೆ ಹೇಳುತ್ತೀರಲ್ಲ, ಹಾಗೆಯೇ ಇದನ್ನೂ ಮುಚ್ಚಿಡದೆ ಹೇಳಿ: ಗೆಳೆಯರಿಗೆ ಒಂದು ಲೋಟ ಆಟವಾದರೂ ನಿನಗೆ ಆಟವಲ್ಲ. ಮೊದಲ ಗುಟುಕು ತಡವಾದಷ್ಟೂ ಒಳ್ಳೆಯದು. ಹದಿನೈದು ತುಂಬುವ ಮೊದಲೇ ಕುಡಿಯತೊಡಗಿದವರಲ್ಲಿ ನೂರಕ್ಕೆ ಸುಮಾರು 40 ಮಂದಿ, ಇಪ್ಪತ್ತರ ನಂತರ ತೊಡಗಿದವರಲ್ಲಿ ಸುಮಾರು 10 ಮಂದಿ ಈ ರೋಗಕ್ಕೆ ಸಿಕ್ಕಿದ್ದನ್ನು ಅಮೆರಿಕದ 1997ರ ಅಧ್ಯಯನವೊಂದು ತೋರಿಸಿದೆ. ಮನಸ್ಸಿನ ತೊಂದರೆಗಳಿಗಾಗಿ ಸರ್ಕಾರದ ಟೆಲಿ ಮಾನಸ್ ದೂರವಾಣಿಯಿದೆ, ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಆಕೆ ಆ ಸಂಖ್ಯೆಯನ್ನು ಮಗನ ಕೈಯಲ್ಲೇ ಬರೆಸಿಕೊಂಡರು.