ಪೋಲಿಯೋ: ಹನಿ ಹಾಕಿಸಿರಿ, ಎಚ್ಚರದಿಂದಿರಿ

ಕಾಣದಾದ ರೋಗವು ಮರಳಿ ಬರಬಲ್ಲುದೇ? ನಮ್ಮ ರಾಜ್ಯದ ಅನುಭವವೇ ಇದಕ್ಕೆ ಉತ್ತರ. 2001 ಮತ್ತು 2002ರಲ್ಲಿ ಕರ್ನಾಟಕದ ಒಂದು ಮಗುವಿನಲ್ಲಿಯೂ ಪೋಲಿಯೋ ಪತ್ತೆಯಾಗಲಿಲ್ಲ. ಆದರೆ 2003ರಲ್ಲಿ 36 ಮಕ್ಕಳು ಅದಕ್ಕೆ ತುತ್ತಾದರು. ಉತ್ತರ ಭಾರತದಲ್ಲಿ ಉಳಿದಿದ್ದ ವೈರಾಣುವು ಸಾಕಷ್ಟು ಲಸಿಕೆ ಪಡೆಯದ ಮಕ್ಕಳಲ್ಲಿ ನೆಲೆಯೂರಿತು. ಮತ್ತೆ ಮತ್ತೆ ಹನಿ ಹಾಕಿದ ಮೇಲೆ, 2004ರಲ್ಲಿ ಕಂಡುಬಂದ ಪ್ರಕರಣ ಒಂದೇ.

ರೋಗ ಹರಡುವ ಬಗೆ

ಪೋಲಿಯೋ ವೈರಾಣು ಮಗುವಿನ ಕರುಳಿನಲ್ಲಿ ಬೆಳೆದು ಮಲದೊಡನೆ ಹೊರಬರುತ್ತದೆ. ಕೊಳಕಾದ ಕೈ, ನೀರು, ಆಹಾರಗಳ ಮೂಲಕ ಇತರ ಮಕ್ಕಳನ್ನು ಸೇರುತ್ತದೆ. ಸೋಂಕು ತಗಲಿದ ಸುಮಾರು 200 ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಅಂಗ ಸೋಲುತ್ತದೆ. ಆದುದರಿಂದ ಒಂದು ಮಗು ಕುಂಟಿತೆಂದರೆ, ನೂರಾರು ಮಕ್ಕಳು ಅರಿವಿಲ್ಲದೆ ಸೋಂಕನ್ನು ಹೊತ್ತಿರಬಹುದೆಂದು ತಿಳಿಯಬೇಕು. ಸೋತ ಅಂಗವನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ, ಲಸಿಕೆಯೊಂದೇ ರಕ್ಷಣೆ.

ಪತ್ತೆ ಹಚ್ಚುವ ಕ್ರಮ

ಹದಿನೈದು ವರ್ಷದೊಳಗಿನ ಮಗುವಿನ ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಬಲಗುಂದಿ ಜೋಲುಬಿದ್ದರೆ, "ದೃಷ್ಟಿ ತಾಗಿದೆ, ಉಳುಕಿದೆ" ಎಂದು ಸುಮ್ಮನಿರಬೇಡಿ. ಅಂದೇ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಅಂಗ ಸೋತ 14 ದಿನಗಳೊಳಗೆ, ಒಂದು ದಿನದ ಅಂತರದಲ್ಲಿ, ಮಲದ ಎರಡು ಮಾದರಿಗಳನ್ನು ಪಡೆದು ತಂಪಿನಲ್ಲಿರಿಸಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ತಡವಾದಷ್ಟೂ ವೈರಾಣು ಕೈಗೆ ಸಿಗದೆ ಹೋಗುತ್ತದೆ. ಈ ಎಚ್ಚರದಿಂದಲೇ, ಭಾರತದ ಕೊನೆಯ ಕಾಡು ಪೋಲಿಯೋ ಪ್ರಕರಣವು 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡುದೆಂದು ಖಚಿತವಾಯಿತು. 2014ರ ಮಾರ್ಚ್ 27ರಂದು ದೇಶವು ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಆದರೂ ನೆರೆಯ ದೇಶಗಳಲ್ಲಿ ಆ ವೈರಾಣು ಇನ್ನೂ ಅಳಿದಿಲ್ಲ.

ದಂಪತಿಗಳ ಕರ್ತವ್ಯ

ಹುಟ್ಟಿದೊಡನೆ, ಅನಂತರ 6, 10, 14ನೆಯ ವಾರಗಳಲ್ಲಿ ಹಾಗೂ 16ರಿಂದ 24 ತಿಂಗಳೊಳಗೆ ಮಗುವಿಗೆ ಪೋಲಿಯೋ ಹನಿ ಹಾಕಿಸತಕ್ಕದ್ದು. 6 ಮತ್ತು 14ನೆಯ ವಾರ ಹಾಗೂ 9ನೆಯ ತಿಂಗಳಲ್ಲಿ ಪೋಲಿಯೋ ಚುಚ್ಚುಮದ್ದನ್ನೂ ಕೊಡಿಸಬೇಕು. ಇವೆಲ್ಲ ಆಗಿದ್ದರೂ, ಐದು ವರ್ಷದೊಳಗಿನ ಮಗುವಿಗೆ ಪಲ್ಸ್ ಪೋಲಿಯೋ ದಿನದಂದು ಹನಿ ತಪ್ಪಿಸಬಾರದು.

ಕೂಲಿಗಾಗಿ ಊರು ಬಿಟ್ಟು ಬೆಂಗಳೂರಿನ ಗೋವಿಂದರಾಜನಗರ, ಕೆಂಗೇರಿ ಮುಂತಾದೆಡೆ ನೆಲೆಸುವ ದಂಪತಿಗಳು ತಾಯಿ ಕಾರ್ಡನ್ನು ಜೊತೆಯಲ್ಲಿ ಒಯ್ಯಬೇಕು. ಹೋದೊಡನೆ ಅಲ್ಲಿಯ ಆರೋಗ್ಯ ಕಾರ್ಯಕರ್ತೆಗೆ ಮಗುವಿನ ಹೆಸರು ಬರೆಸಬೇಕು. ಊರಿನ ಪಟ್ಟಿಯಲ್ಲೂ ಇಲ್ಲದೆ, ನಗರದ ಪಟ್ಟಿಯಲ್ಲೂ ಇಲ್ಲದೆ ಉಳಿದ ಮಗುವಿಗೇ ಅಪಾಯ ಹೆಚ್ಚು. ಇದು ತಾಯಿಯೊಬ್ಬಳ ಹೊಣೆಯಲ್ಲ. ಮುಂದಿನ ಲಸಿಕೆಯ ದಿನ ತಂದೆಗೂ ತಿಳಿದಿರಬೇಕು. ಇಂದೇ ಕಾರ್ಡನ್ನು ತೆಗೆದು ಇಬ್ಬರೂ ನೋಡಿರಿ.