ಮರುಪ್ರಯತ್ನಕ್ಕೂ ಒಂದು ಬಜೆಟ್ ಇರಲಿ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್‌ನಲ್ಲಿ ಅಂಕ ಕಡಿಮೆ ಬಂದ ಮನೆಗಳಲ್ಲಿ ದೊಡ್ಡ ಖರ್ಚಿನ ತೀರ್ಮಾನಗಳು ಬಹಳ ಬೇಗ ಆಗಿಬಿಡುತ್ತವೆ. ಪರೀಕ್ಷೆ ನಡೆಯುವುದು ಡಿಸೆಂಬರ್‌ನಲ್ಲಿ. ಫಲಿತಾಂಶ ಬರುವ ಹೊತ್ತಿಗೆ ಮಕ್ಕಳ ಪಿಯುಸಿ ಪರೀಕ್ಷೆ ಕೂಡ ಮುಗಿದಿರುವುದಿಲ್ಲ. ಆಗಲೇ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎರಡು ಮಾತು ಶುರುವಾಗುತ್ತವೆ: ಒಂದು ವರ್ಷ ಬಿಟ್ಟು ಬೆಂಗಳೂರಿನಲ್ಲಿ ಕೋಚಿಂಗ್‌ಗೆ ಸೇರಿಸೋಣ, ಇಲ್ಲವೇ ಸಾಲ ಮಾಡಿಯಾದರೂ ದೊಡ್ಡ ಖಾಸಗಿ ಕಾಲೇಜಿಗೆ ಹಾಕೋಣ. ಮನೆ ಲೆಕ್ಕಗಳ ಬಗ್ಗೆಯೇ ಬರೆಯುತ್ತ ಬಂದಿರುವ ನನಗೆ ಇವೆರಡಕ್ಕಿಂತ ಮೂರನೆಯದು ಸರಿ ಅನಿಸಿದೆ. ಹತ್ತಿರದ ಕಾನೂನು ಕಾಲೇಜಿಗೆ ಈ ವರ್ಷವೇ ಸೇರಿಕೊಂಡು, ಕ್ಲಾಟನ್ನು ಕಡಿಮೆ ಖರ್ಚಿನಲ್ಲಿ ಇನ್ನೊಮ್ಮೆ ಬರೆಯುವುದು. ಛಲ ಬಿಡಬೇಕಾಗಿಲ್ಲ, ಆ ಛಲಕ್ಕಾಗಿ ಮನೆಯ ಉಳಿತಾಯ ಕರಗಿಸಬೇಕಾಗಿಯೂ ಇಲ್ಲ.

ಕ್ಲಾಟ್ ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಪರಿಶಿಷ್ಟರಿಗೆ 3,500. ಮರುಪ್ರಯತ್ನಕ್ಕೆ ಕಟ್ಟಲೇಬೇಕಾದ ಹಣ ಇಷ್ಟೇ. ಕೋಚಿಂಗ್‌ಗೆ 1 ಲಕ್ಷ, ಪಿ.ಜಿ. ವಾಸಕ್ಕೆ ತಿಂಗಳಿಗೆ 8 ಸಾವಿರ ಎಂದು ಇಟ್ಟುಕೊಂಡರೆ ವರ್ಷ ಬಿಟ್ಟವರ ಖರ್ಚು ಹತ್ತಿರ ಹತ್ತಿರ 2 ಲಕ್ಷ ಮುಟ್ಟುತ್ತದೆ. ಅದರ ಮೇಲೆ ದುಡಿಮೆ ಒಂದು ವರ್ಷ ತಡವಾಗುವ ನಷ್ಟ ಬೇರೆ. ಈ ಹಣ ಸುರಿಯುವ ಮುನ್ನ ಉತ್ತರಗಳ ಪ್ರತಿ ಮುಂದಿಟ್ಟುಕೊಂಡು ನೋಡಬೇಕು. ಒಟ್ಟು 120 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ. 90 ಬರೆದು 50 ಸರಿ, 40 ತಪ್ಪು ಮಾಡಿದವರಿಗೆ ಬರುವುದು 40 ಅಂಕ. 65 ಮಾತ್ರ ಬರೆದು 48 ಸರಿ ಮಾಡಿದವರಿಗೆ 43.75. ಮೊದಲನೆಯವರಿಗೆ ಬೇಕಾದದ್ದು ಊಹೆಯ ಮೇಲೆ ಹಿಡಿತ; ಎರಡನೆಯವರಿಗೆ ಓದಿನ ವೇಗ. 2020ರಿಂದ ಪ್ರಶ್ನೆಗಳೆಲ್ಲ ಉದ್ದನೆಯ ಗದ್ಯಭಾಗಗಳನ್ನು ಆಧರಿಸಿ ಬರುತ್ತಿವೆ, ಅವೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಮಕ್ಕಳು ಹಿಂದೆ ಬೀಳುವುದು ಹೆಚ್ಚಾಗಿ ಇಲ್ಲೇ, ಬುದ್ಧಿಯಲ್ಲಲ್ಲ. ದಿನಾ ಗ್ರಂಥಾಲಯದಲ್ಲಿ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದುವುದು, ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು, ಇವಕ್ಕೆ ಕಾಸು ಬೇಕಿಲ್ಲ. ಬಂದ ಅಂಕ ನಿಜಕ್ಕೂ ಕೆಟ್ಟದ್ದೇ ಎಂಬುದನ್ನೂ ವಿಚಾರಿಸಿ. ರಾಜ್ಯದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಶೇ 25ರಷ್ಟು ಸೀಟುಗಳಿವೆ. ದೇಶದ ಒಟ್ಟು ರ‍್ಯಾಂಕ್ ನೋಡಿ ಮಾತ್ರ ಕೈಚೆಲ್ಲಬಾರದು.

ಹತ್ತಿರದ ಕಾಲೇಜಿಗೆ ಹೋದರೆ ಬೆಲೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಹೆಸರಿಗೆ ತೂಕವಿದೆ, ದೊಡ್ಡ ಕಂಪನಿಗಳು ಮೊದಲು ಹೋಗುವುದು ಅಲ್ಲಿಗೇ; ಅದನ್ನು ಅಲ್ಲಗಳೆಯಲಾರೆ. ಆದರೆ ವಕೀಲಿಕೆಯ ಬಾಗಿಲು ಕಾಲೇಜಿನ ಹೆಸರು ಕೇಳುವುದಿಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಪಿಯುಸಿ ಅಂಕದ ಮೇಲೆ ಸೀಟು ಕೊಡುತ್ತವೆ, ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಸನ್ನದು ಪಡೆಯಲು ವಕೀಲರ ಪರಿಷತ್ತು 750 ರೂಪಾಯಿಗಿಂತ, ಪರಿಶಿಷ್ಟರಾದರೆ 125ಕ್ಕಿಂತ ಹೆಚ್ಚು ನೋಂದಣಿ ಶುಲ್ಕ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಸಿವಿಲ್ ನ್ಯಾಯಾಧೀಶರಾಗಲು ಮೂರು ವರ್ಷ ವಕೀಲಿ ಮಾಡಿರಬೇಕು ಎಂದು 2025ರ ಮೇನಲ್ಲಿ ಅದೇ ಕೋರ್ಟ್ ತೀರ್ಪಿತ್ತಿದೆ; ರಾಜ್ಯದ ಆ ನೇಮಕಾತಿ ಪರೀಕ್ಷೆಯಲ್ಲಿ ಕನ್ನಡ–ಇಂಗ್ಲಿಷ್ ಅನುವಾದದ ಪತ್ರಿಕೆ ಇರುವುದರಿಂದ ನಮ್ಮ ಮಕ್ಕಳ ಕನ್ನಡಕ್ಕೆ ಅಂಕವೂ ಇದೆ. ಪದವಿಯ ನಂತರ ಎಲ್‌ಎಲ್‌ಎಂ ಓದಲು ಮತ್ತೆ ಕ್ಲಾಟ್ ಇದ್ದೇ ಇದೆ. ಕಾಲೇಜು, ಕ್ಲಾಟ್ ಎರಡನ್ನೂ ಹಿಡಿದರೆ ಗಮನ ಚದುರುತ್ತದೆ ಎಂಬ ಆತಂಕ ಸಹಜವೇ. ಆದರೆ ಡಿಸೆಂಬರ್‌ವರೆಗೆ ದಿನಕ್ಕೆ ಎರಡು ಗಂಟೆ ಸಿಗದಷ್ಟು ಬಿಗಿಯಾದ ಮೊದಲ ವರ್ಷ ಅದಲ್ಲ. ಸೀಟು ಸಿಕ್ಕರೆ ಕಳೆದುಕೊಳ್ಳುವುದು ಇಲ್ಲಿ ಕಟ್ಟಿದ ಶುಲ್ಕ ಮತ್ತು ಓದಿದ ಒಂದು ವರ್ಷವನ್ನು, ಸಿಗದಿದ್ದರೆ ಆ ವರ್ಷ ಉಳಿದಿರುತ್ತದೆ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಖಾಸಗಿ ಕಾಲೇಜಿನ ಸಾಲ. 20 ಲಕ್ಷ ರೂಪಾಯಿಗೆ ಶೇ 10ರ ಬಡ್ಡಿ, ಹತ್ತು ವರ್ಷದ ಅವಧಿ ಅಂದರೆ ತಿಂಗಳ ಕಂತು ಸುಮಾರು 26,400. ಓದುವಾಗ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಹಿರಿಯ ವಕೀಲರ ಕೈಕೆಳಗೆ ಕೆಲಸ ಕಲಿಯುವ ಜೂನಿಯರ್ ಈ ಕಂತು ಕಟ್ಟಲಾರ. ಕೊನೆಗೆ ಅದು ಅಪ್ಪನ ತಲೆಗೇ ಬರುತ್ತದೆ. ಟೊಮೆಟೊ ದರ ವಾರಕ್ಕೊಮ್ಮೆ ಏರಿಳಿಯುವ, ಶ್ರೀನಿವಾಸಪುರದ ಮಾವಿನ ಹಣ ವರ್ಷಕ್ಕೊಮ್ಮೆ ಕೈಸೇರುವ ಮನೆಗೆ ತಿಂಗಳ ಕಂತು ಹೊಂದುವುದಿಲ್ಲ. ಹೆಸರಿರುವ ಸಂಸ್ಥೆಯಲ್ಲಿ ಸೀಟು ಸಿಕ್ಕರೆ ಸಾಲ ಮಾಡಿ, ಬೇಡ ಅನ್ನುವುದಿಲ್ಲ. ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ, ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿಯೂ ಉಂಟು. ಅಂಕ ಕಡಿಮೆ ಬಂದ ಬೇಸರ ಮರೆಯಲು ಮಾತ್ರ ಸಾಲ ಮಾಡಬೇಡಿ. ಪಿಯುಸಿ ಮುಗಿದ ಕೂಡಲೇ ಹತ್ತಿರದ ಕಾಲೇಜಿನಲ್ಲಿ ಅರ್ಜಿ ಹಾಕಿ, ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೂ ಹಾಕಿ. ನಡುವೆ ಬಿಟ್ಟರೆ ಮೂಲ ಅಂಕಪಟ್ಟಿ ಯಾವಾಗ ವಾಪಸು ಕೊಡುತ್ತೀರಿ ಎಂದು ಸೇರುವಾಗಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಮರುಪ್ರಯತ್ನಕ್ಕೆ ಅವಸರವೂ ಬೇಡ, ಕ್ಲಾಟ್ ಬರೆಯಲು ಗರಿಷ್ಠ ವಯೋಮಿತಿ ಇಲ್ಲ.