‘ಮಗಳ ಮಾರಾಟ’: ಸೊನಿತಾ ಅಲಿಜಾದೆಯ ರ‍್ಯಾಪ್ ಗೀತೆ ಮತ್ತು ಅದರ ಹಿನ್ನೆಲೆ

ಪಾರಸಿ ಭಾಷೆಯಲ್ಲಿ ಮಗಳಿಗೆ ‘ದೊಖ್ತರ್’ ಎನ್ನುತ್ತಾರೆ. ಸಂಸ್ಕೃತದ ‘ದುಹಿತೃ’ ಶಬ್ದಕ್ಕೂ ಇದಕ್ಕೂ ಇರುವ ಜ್ಞಾತಿಸಂಬಂಧವನ್ನು ಭಾಷಾವಿಜ್ಞಾನದ ವಿದ್ಯಾರ್ಥಿಗಳು ಮೊದಲ ಪಾಠಗಳಲ್ಲಿಯೇ ಓದಿರುತ್ತಾರೆ. ‘ಫೊರೂಶಿ’ ಎಂದರೆ ಮಾರಾಟ. ಈ ಎರಡು ಶಬ್ದಗಳನ್ನು ಜೋಡಿಸಿದ ‘ದೊಖ್ತರ್ ಫೊರೂಶಿ’ ಎಂಬ ಗೀತೆಯೊಂದು 2014ರಲ್ಲಿ ಟೆಹರಾನಿನಿಂದ ಹೊರಬಿದ್ದಿತು. ಅದನ್ನು ಬರೆದು ಹಾಡಿದವಳು ಸೊನಿತಾ ಅಲಿಜಾದೆ. ಆಗ ಆಕೆ ಹದಿನೆಂಟರ ಆಸುಪಾಸಿನ ಆಫ್ಘನ್ ನಿರಾಶ್ರಿತ ಹುಡುಗಿ. ಹಾಡಿನ ಪ್ರಕಾರ ರ‍್ಯಾಪ್. ಹಾಡಿನ ವಸ್ತು ಆಕೆಯದೇ ಮದುವೆ, ಅರ್ಥಾತ್ ಆಕೆಯದೇ ಬೆಲೆ.

ರ‍್ಯಾಪ್ ಎಂದೊಡನೆ ನಮ್ಮ ವಿದ್ವಾಂಸರಲ್ಲಿ ಅನೇಕರು ಮುಖ ತಿರುಗಿಸುವುದುಂಟು. ಅದನ್ನು ಗದ್ದಲವೆಂದು ಬದಿಗಿರಿಸುವುದು ಸುಲಭ. 1973ರಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಬಡಾವಣೆಯ ಕಪ್ಪು ಜನರ ನಡುವೆ ಹುಟ್ಟಿದ ಹಿಪ್ ಹಾಪ್ ಸಂಸ್ಕೃತಿಯ ಈ ವಾಚಿಕ ಅಂಗ, ರಾಗಕ್ಕಿಂತ ಲಯವನ್ನು, ಕಂಠಮಾಧುರ್ಯಕ್ಕಿಂತ ಮಾತಿನ ಹರಿತವನ್ನು ನೆಚ್ಚಿಕೊಂಡದ್ದು. ಹರದೇಶಿ–ನಾಗೇಶಿ ಗೀಗೀ ಮೇಳಗಳ ಸವಾಲು–ಜವಾಬುಗಳನ್ನು ಕೇಳಿ ಬಲ್ಲ ಕನ್ನಡಿಗನಿಗೆ ಇದರ ಸ್ವರೂಪ ತೀರ ಅಪರಿಚಿತವೆನಿಸಬಾರದು. ಹಾಗೆಂದು ಎರಡಕ್ಕೂ ಮೂಲ ಒಂದೇ ಎಂದು ಸಾಧಿಸಹೊರಡುವುದು ಅಸಂಬದ್ಧವಾದೀತು. ವಾದ್ಯವೈಭವವಾಗಲಿ ಗುರುಮುಖದ ಶಿಕ್ಷಣವಾಗಲಿ ಇಲ್ಲದವನಿಗೂ ಈ ಮಾಧ್ಯಮ ತೆರೆದಿದೆ ಎಂಬ ಅಂಶವಷ್ಟೇ ಇಲ್ಲಿ ಪ್ರಸ್ತುತ. ಧಾರಾವಿಯ ಹುಡುಗರು ಹಿಂದಿಯಲ್ಲಿಯೂ ತಮಿಳಿನಲ್ಲಿಯೂ ರ‍್ಯಾಪ್ ಕಟ್ಟಿದ್ದರ ಹಿಂದೆ ಇದೇ ಕಾರಣವಿದೆ. ಸೊನಿತಾ ಅದನ್ನು ಆಯ್ದುಕೊಂಡದ್ದೂ ಇದೇ ಕಾರಣಕ್ಕೆ.

ಸೊನಿತಾ ಹುಟ್ಟಿದ್ದು 1996ರಲ್ಲಿ, ಪಶ್ಚಿಮ ಆಫ್ಘಾನಿಸ್ತಾನದ ಹೆರಾತ್ ನಗರದಲ್ಲಿ. ತಾಲಿಬಾನರು ಆ ನಗರವನ್ನು ವಶಪಡಿಸಿಕೊಂಡು ಒಂದು ವರ್ಷವಾಗಿತ್ತು. ಯುದ್ಧದ ದೆಸೆಯಿಂದ ಆ ಕುಟುಂಬವೂ ಲಕ್ಷಾಂತರ ಆಫ್ಘನ್ನರಂತೆ ಇರಾನಿಗೆ ವಲಸೆ ಹೋಯಿತು. ಒಂಬತ್ತು–ಹತ್ತು ವರ್ಷದವಳಿದ್ದಾಗಲೇ ಆಕೆಯನ್ನು ಮದುವೆಗೆ ಮಾರುವ ಪ್ರಸ್ತಾಪ ಬಂದು, ಆ ಒಪ್ಪಂದ ಮುರಿದುಬಿದ್ದಿತ್ತು. ಹೊಸ ಬಟ್ಟೆ ತೊಡಿಸಿದಾಗ ಅದೇನೋ ಆಟವೆಂದೇ ಆ ಮಗು ತಿಳಿದಿತ್ತೆಂದು ಆಕೆಯೇ ಮುಂದೆ ಹೇಳಿಕೊಂಡಿದ್ದಾಳೆ. ಟೆಹರಾನಿನಲ್ಲಿ ಕಾಗದಪತ್ರಗಳಿಲ್ಲದ ನಿರಾಶ್ರಿತರ ಮಕ್ಕಳಿಗೆ ಶಾಲೆಯ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಆಕೆ ಹೂ ಮಾರಿದಳು, ಶೌಚಾಲಯಗಳನ್ನು ತೊಳೆದಳು. ನಿರಾಶ್ರಿತ ಮಕ್ಕಳಿಗೆ ನೆರವಾಗುತ್ತಿದ್ದ ಸಂಸ್ಥೆಯೊಂದರಲ್ಲಿ ಅಕ್ಷರ ಕಲಿತಳು. ಕೆಲಸದ ನಡುವೆ ಕಿವಿಗೆ ಬಿದ್ದ ಇರಾನಿನ ‘ಯಾಸ್’ ಮತ್ತು ಅಮೆರಿಕೆಯ ಎಮಿನೆಮ್ ಎಂಬ ರ‍್ಯಾಪ್ ಗಾಯಕರು ಆಕೆಯ ಗುರುಗಳಾದರು. ಎಮಿನೆಮನ ಮಾತು ಒಂದೂ ತಿಳಿಯುತ್ತಿರಲಿಲ್ಲ. ತಿಳಿದದ್ದು ವೇಗ ಮತ್ತು ಕೋಪ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. 1979ರ ಕ್ರಾಂತಿಯ ಅನಂತರದ ಇರಾನಿನಲ್ಲಿ ಗಂಡಸರಿರುವ ಸಭೆಯ ಮುಂದೆ ಹೆಂಗಸು ಒಬ್ಬಳೇ ಹಾಡುವುದು ನಿಷಿದ್ಧ. ಸಂಗೀತವನ್ನು ಪ್ರಕಟಿಸಲು ಸರಕಾರದ ಸಂಸ್ಕೃತಿ ಇಲಾಖೆಯ ಅನುಮತಿ ಬೇಕು. ರ‍್ಯಾಪಿಗೆ ಆ ಅನುಮತಿ ದೊರೆಯುವುದು ಗಂಡಸಿಗೂ ಕಷ್ಟ. ಹೀಗಾಗಿ ಸೊನಿತಾ ಮೂರು ಬಗೆಯಿಂದ ಹೊರಗಿನವಳು: ಹೆಣ್ಣಾದುದರಿಂದ, ಆಫ್ಘನ್ನಳಾದುದರಿಂದ, ಕೊನೆಗೆ ಆರಿಸಿಕೊಂಡ ಕಲೆಯಿಂದ. ಆಕೆಯ ದನಿಯನ್ನು ಮುದ್ರಿಸಿಕೊಳ್ಳಲು ಸ್ಟುಡಿಯೋದವರು ಹಿಂಜರಿದದ್ದು ಸಹಜವೇ ಆಗಿತ್ತು.

ಆಕೆಯ ಮೊದಲ ಸಾರ್ವಜನಿಕ ಯಶಸ್ಸು ಬಂದದ್ದು ‘ದೊಖ್ತರ್ ಫೊರೂಶಿ’ಯಿಂದಲ್ಲ. 2014ರ ಆಫ್ಘಾನಿಸ್ತಾನದ ಚುನಾವಣೆಯಲ್ಲಿ ಜನ ಮತ ಹಾಕುವಂತೆ ಪ್ರೇರೇಪಿಸುವ ಗೀತೆಗಳ ಸ್ಪರ್ಧೆಯೊಂದರಲ್ಲಿ ಆಕೆಗೆ ಒಂದು ಸಾವಿರ ಡಾಲರ್ ಬಹುಮಾನ ದೊರೆಯಿತು. ತಾನು ಬಿಟ್ಟುಬಂದ ದೇಶದ ಜನರಿಗೆ ಅವರ ಹಕ್ಕನ್ನು ನೆನಪಿಸಿ ಗಳಿಸಿದ ಆ ಹಣವನ್ನು ಆಕೆ ಆಫ್ಘಾನಿಸ್ತಾನಕ್ಕೆ ಮರಳಿದ್ದ ತಾಯಿಗೆ ಕಳುಹಿಸಿದಳು. ಆಕೆಯ ಸಮಾಜಕಾರ್ಯವೆಲ್ಲ ದೊಡ್ಡ ವೇದಿಕೆಗಳು ದೊರೆತ ಮೇಲೆ ಆರಂಭವಾದುದೆಂದು ಬರೆಯುವವರು ಈ ಗೀತೆಯನ್ನು ಮರೆಯುತ್ತಾರೆ.

ಅದೇ ತಾಯಿ ಮಗಳನ್ನು ಕರೆದೊಯ್ಯಲು ಟೆಹರಾನಿಗೆ ಬಂದಳು. ಸೊನಿತಾಳ ಅಣ್ಣನಿಗೆ ಹೆಣ್ಣು ಗೊತ್ತಾಗಿತ್ತು. ಆ ಹೆಣ್ಣಿನ ಮನೆಯವರಿಗೆ ತೆರಬೇಕಾದ ಹಣ ಏಳು ಸಾವಿರ ಡಾಲರ್. ಸೊನಿತಾಳನ್ನು ಕೊಟ್ಟರೆ ಒಂಬತ್ತು ಸಾವಿರ ಬರುತ್ತಿತ್ತು. ಲೆಕ್ಕ ಸರಳವಾಗಿದೆ, ಸರಳವಾಗಿರುವುದರಿಂದಲೇ ಭೀಕರವಾಗಿದೆ. ಈ ತಾಯಿಯನ್ನು ಕ್ರೂರಿಯೆಂದು ಕರೆದು ಮುಂದೆ ಸಾಗುವುದು ವಿಮರ್ಶೆಯಾಗದು. ಎಳೆಯ ಬಾಲೆಯಾಗಿದ್ದಾಗಲೇ ತಾನೂ ಹೀಗೆಯೇ ಕೈಬದಲಾದವಳು ಆಕೆ. ಮಗಳಿಗೆ ಬೇರೊಂದು ಬದುಕಿರಬಹುದೆಂದು ಆಕೆಗೆ ತೋರಿಸಿದವರೇ ಇರಲಿಲ್ಲ.

ಈ ಹಣಕ್ಕೆ ಪಾರಸಿಯಲ್ಲಿ ‘ಶೀರ್‌ಬಹಾ’ ಎಂಬ ಹೆಸರಿದೆ. ‘ಶೀರ್’ ಎಂದರೆ ಹಾಲು, ‘ಬಹಾ’ ಎಂದರೆ ಬೆಲೆ. ತಾಯಿ ಮಗಳಿಗೆ ಕುಡಿಸಿದ ಹಾಲಿನ ಬೆಲೆ. ಸಂಸ್ಕೃತದ ‘ಕ್ಷೀರ’ವೇ ಅಲ್ಲಿ ‘ಶೀರ್’. ಇಸ್ಲಾಮೀ ಧರ್ಮಶಾಸ್ತ್ರದ ‘ಮಹರ್’ ಬೇರೆ, ಇದು ಬೇರೆ. ಮಹರ್ ವಧುವಿಗೆ ಸಲ್ಲತಕ್ಕದ್ದು, ಅವಳದೇ ಸ್ವತ್ತು. ಶೀರ್‌ಬಹಾ ಸಲ್ಲುವುದು ಹೆಣ್ಣಿನ ತಂದೆತಾಯಿಗಳಿಗೆ. ಇವೆರಡನ್ನೂ ಬೆರೆಸಿ, ಒಂದು ರೂಢಿಯ ಭಾರವನ್ನು ಇಡಿಯ ಮತವೊಂದರ ತಲೆಗೆ ಕಟ್ಟುವ ಬರಹಗಳು ಹೇರಳವಾಗಿವೆ. 1977ರ ಆಫ್ಘನ್ ನಾಗರಿಕ ಸಂಹಿತೆಯೇ ಹುಡುಗಿಯ ವಿವಾಹಕ್ಕೆ ಹದಿನಾರು ವರ್ಷವೆಂದು ನಿಗದಿಪಡಿಸಿತ್ತು. ರೂಢಿ ಅದನ್ನು ಲೆಕ್ಕಿಸಲಿಲ್ಲ.

ನಮ್ಮ ಕಡೆಯ ನೆನಪುಗಳೂ ಇಲ್ಲಿ ಏಳದೆ ಇರಲಾರವು. ಹೆಣ್ಣಿನ ಕಡೆಯವರಿಗೆ ಗಂಡಿನವರು ಕೊಡುವ ಹಣಕ್ಕೆ ಕನ್ನಡದಲ್ಲಿ ‘ತೆರ’ ಎಂದು ಹೆಸರು. ‘ತೆರು’ ಧಾತುವಿನಿಂದ ಬಂದ ಈ ಶಬ್ದದಲ್ಲಿ ಹಾಲಿನ ಮಮತೆಯ ಸೋಗೂ ಇಲ್ಲ. ಅದು ನೇರವಾಗಿ ಪಾವತಿ. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡದ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ಬರೆದ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ದ ಇನ್ನೊಂದು ಹೆಸರೇ ಕನ್ಯಾವಿಕ್ರಯದ ಪರಿಣಾಮವನ್ನು ಸಾರುತ್ತದೆ. ಆಧುನಿಕ ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಪರಿಗಣಿತವಾದ ಕೃತಿಯ ವಸ್ತು ಹೆಣ್ಣಿನ ಮಾರಾಟವಾಗಿತ್ತೆಂಬುದು ಆಕಸ್ಮಿಕವಲ್ಲ. ಅದಾದ ಐದು ವರ್ಷಕ್ಕೆ, 1892ರಲ್ಲಿ, ಗುರಜಾಡ ಅಪ್ಪಾರಾವ್ ಅವರ ತೆಲುಗು ನಾಟಕ ‘ಕನ್ಯಾಶುಲ್ಕಂ’ ರಂಗವನ್ನೇರಿತು. ಇನ್ನೂ ಹಿಂದಕ್ಕೆ ಹೋದರೆ ಯಾಸ್ಕನ ‘ನಿರುಕ್ತ’ವಿದೆ. ‘ದುಹಿತೃ’ ಶಬ್ದದ ನಿಷ್ಪತ್ತಿಯನ್ನು ಅವನು ದೂರದಲ್ಲಿ ಇರಿಸಲ್ಪಡುವವಳು ಎಂದೂ ಕರೆಯುವವಳು, ಅಂದರೆ ಹಾಲು ಹಿಂಡುವವಳು ಎಂದೂ ಹಲವು ವಿಧವಾಗಿ ಹೇಳುತ್ತಾನೆ. ಅದೇ ಪ್ರಕರಣದಲ್ಲಿ, ಹೆಣ್ಣಿಗೆ ದಾಯಭಾಗ ಏಕಿಲ್ಲವೆಂದರೆ ಅವಳನ್ನು ದಾನ ಮಾಡಬಹುದು, ಮಾರಬಹುದು, ಬಿಟ್ಟುಬಿಡಬಹುದು, ಗಂಡಸನ್ನು ಹಾಗೆ ಮಾಡಲಾಗದು ಎಂಬ ಒಂದು ಪಕ್ಷವನ್ನು ಉಲ್ಲೇಖಿಸಿ, ತಂದೆಯಿಂದ ಮಾರಲ್ಪಟ್ಟ ಶುನಃಶೇಪನನ್ನು ತೋರಿಸಿ ಗಂಡಿಗೂ ಅದು ಉಂಟು ಎನ್ನುವ ಮರುವಾದವನ್ನೂ ಇಡುತ್ತಾನೆ. ಹೆರಾತಿನ ಪದ್ಧತಿಯನ್ನು ಪರಕೀಯವೆಂದು ನೋಡುವ ಮುನ್ನ ಈ ಪುಟವನ್ನು ಓದಿಕೊಳ್ಳುವುದು ಮೇಲು.

ಆದರೆ ಒಂದು ವ್ಯತ್ಯಾಸವುಂಟು. ಯಾಸ್ಕನೂ ವೆಂಕಟರಮಣ ಶಾಸ್ತ್ರಿಗಳೂ ಅಪ್ಪಾರಾಯರೂ ಗಂಡಸರು, ಮಾರಾಟಕ್ಕೆ ನಿಂತವರಲ್ಲ. ಸುಧಾರಕರ ಕರುಣೆ ಎಷ್ಟೇ ನೈಜವಾಗಿರಲಿ ಅದು ಪಕ್ಕದಿಂದ ಬಂದ ದನಿ. ‘ದೊಖ್ತರ್ ಫೊರೂಶಿ’ಯಲ್ಲಿ ಮಾತನಾಡುವುದು ಸರಕೇ.

ಗೀತೆಯ ಬಂಧ ವಿಶ್ಲೇಷಣೆಗೆ ಯೋಗ್ಯವಾಗಿದೆ. ಆರಂಭ ಪಿಸುದನಿಯಲ್ಲಿ. ಹೆಣ್ಣಿನ ದನಿ ಕೇಳಿಸಬಾರದೆಂಬ ಕಟ್ಟಳೆಯನ್ನು ಮೀರುವ ಮೊದಲು ಅದನ್ನು ಪಾಲಿಸಿದಂತೆ ನಟಿಸುವ ಈ ತಂತ್ರ ವ್ಯಂಗ್ಯದ ಉತ್ತಮ ನಿದರ್ಶನ. ಪಿಸುಮಾತು ಕ್ರಮೇಣ ಏರಿ ಕೂಗಾಗುತ್ತದೆ. ಏರಿದಂತೆ ಲಯವೂ ಬಿಗಿಯಾಗುತ್ತದೆ. ಕೊಬ್ಬಿಸಿ ಕಡಿಯಲೆಂದೇ ಸಾಕಿದ ಕುರಿಯ ಹೋಲಿಕೆ ನಡುವೆ ಬರುತ್ತದೆ. ಇದು ಹೊಸ ಉಪಮೆಯಲ್ಲ, ಹಳ್ಳಿಗಾಡಿನ ಯಾವ ಹೆಣ್ಣಿಗಾದರೂ ಹೊಳೆಯುವಂಥದು. ಆದರೆ ಇಲ್ಲಿ ಅದು ಅಲಂಕಾರವಾಗಿ ಉಳಿಯದೆ ಲೆಕ್ಕಪತ್ರದ ವಿವರದಂತೆ ಬರುತ್ತದೆ. ಸಂಬೋಧನೆ ಹೆತ್ತವರ ಕಡೆಗೇ ಇದೆ. ನಿಂದೆಗಿಂತ ಅಳಲು ಹೆಚ್ಚು. ಮನೆತನದ ಮಾನವನ್ನು ಒಡೆಯದೆ ಮನೆಯ ಅನ್ಯಾಯವನ್ನು ಹೇಳುವುದು ಹೇಗೆ ಎಂಬ, ನಮ್ಮ ಬೀಸುವ ಕಲ್ಲಿನ ಪದಗಳ ಹೆಂಗಸರಿಗೂ ಇದ್ದ ತೊಡಕು ಈ ಹುಡುಗಿಯನ್ನೂ ಕಾಡಿದೆ.

ದೃಶ್ಯರೂಪದಲ್ಲಿ ಆಕೆ ಮದುಮಗಳ ಬಿಳಿಯ ಉಡುಪಿನಲ್ಲಿ ಕಾಣಿಸಿಕೊಳ್ಳುತ್ತಾಳೆ. ಹಣೆಯ ಮೇಲೆ ಅಂಗಡಿಯ ಸಾಮಾನುಗಳ ಮೇಲಿರುವಂಥ ಬಾರ್‌ಕೋಡ್, ಮುಖದ ಮೇಲೆ ಹೊಡೆತದ ಬಾಸುಂಡೆ. ಹಣೆಬರಹವನ್ನು ನಂಬುವ ನಾಡಿನ ಓದುಗನಿಗೆ ಆ ಹಣೆಯ ಪಟ್ಟಿ ಮಾಡುವ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಯೂಟ್ಯೂಬಿನ ಮೂಲಕ ಹರಡಿದ ಈ ದೃಶ್ಯವನ್ನು ನೋಡಿದವರಲ್ಲಿ ಪಾರಸಿ ತಿಳಿಯದವರೇ ಬಹಳ. ಗೀತೆಯ ಕೀರ್ತಿಗೆ ಚಿತ್ರದ ಪಾಲು ಹೆಚ್ಚೇ ಎಂಬ ಆಕ್ಷೇಪಣೆಯಲ್ಲಿ ತಥ್ಯವಿದೆ.

ಆ ದೃಶ್ಯದ ಚಿತ್ರೀಕರಣಕ್ಕೆ ನೆರವಾದವರು ಇರಾನಿನ ಚಿತ್ರನಿರ್ದೇಶಕಿ ರುಖ್ಸಾರೆ ಗಾಯೆಮ್ ಮಗಾಮಿ. ಆಕೆ ಸೊನಿತಾಳ ಬದುಕನ್ನು ಸಾಕ್ಷ್ಯಚಿತ್ರವಾಗಿ ದಾಖಲಿಸುತ್ತಿದ್ದರು. ತಾಯಿ ಬಂದಾಗ ಹುಡುಗಿ, ನೀವೇ ನನ್ನನ್ನು ಕೊಂಡುಕೊಳ್ಳಬಾರದೇ ಎಂದು ನಿರ್ದೇಶಕಿಯನ್ನು ಕೇಳುವ ಸನ್ನಿವೇಶ ಆ ಚಿತ್ರದಲ್ಲಿಯೇ ಇದೆ. ದಾಖಲಿಸುವವರು ಕಥೆಯೊಳಗೆ ಕೈಹಾಕಬಾರದೆಂಬ ನಿಯಮ ಒಂದೆಡೆ, ಕಣ್ಣೆದುರಿನ ಹುಡುಗಿ ಇನ್ನೊಂದೆಡೆ. ಕೊನೆಗೆ ಎರಡು ಸಾವಿರ ಡಾಲರ್ ಕೊಟ್ಟು ಆರು ತಿಂಗಳ ಅವಧಿಯನ್ನು ಪಡೆಯಲಾಯಿತು. ಇದು ಬಿಡುಗಡೆಯೇ, ಇಲ್ಲವೆ ಇನ್ನೊಂದು ಖರೀದಿಯೇ ಎಂದು ಪ್ರಶ್ನಿಸಿದವರಿದ್ದಾರೆ. ಕ್ಷೇತ್ರಕಾರ್ಯ ಮಾಡುವ ಜಾನಪದ ಸಂಶೋಧಕರಿಗೆ ಈ ಪ್ರಶ್ನೆ ಹೊಸದಲ್ಲ. ಹಾಡುಗಾರ್ತಿಯ ಹಾಡನ್ನು ಬರೆದುಕೊಂಡು ಅವಳ ಹಸಿವನ್ನು ಬಿಟ್ಟುಬಂದ ಎಷ್ಟೋ ಸಂಗ್ರಹಗಳು ನಮ್ಮ ಗ್ರಂಥಾಲಯಗಳಲ್ಲಿವೆ. ಆ ಮಾದರಿಯ ನಿರ್ಲಿಪ್ತತೆಗಿಂತ ಈ ನಿರ್ದೇಶಕಿಯ ನಿಯಮಭಂಗ ಹೆಚ್ಚು ಗೌರವಾರ್ಹವೆಂದೇ ಹೇಳಬೇಕಾಗುತ್ತದೆ. ‘ಸೊನಿತಾ’ ಎಂಬ ಆ ಚಿತ್ರ 2016ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ವಿಶ್ವ ಸಾಕ್ಷ್ಯಚಿತ್ರ ವಿಭಾಗದ ತೀರ್ಪುಗಾರರ ಪ್ರಶಸ್ತಿಯನ್ನೂ ಪ್ರೇಕ್ಷಕರ ಪ್ರಶಸ್ತಿಯನ್ನೂ ಪಡೆಯಿತು.

ಗೀತೆಯನ್ನು ಕಂಡ ಅಮೆರಿಕೆಯ ಸಂಸ್ಥೆಯೊಂದರ ನೆರವಿನಿಂದ ಸೊನಿತಾ 2015ರಲ್ಲಿ ಯೂಟಾ ರಾಜ್ಯದ ವಸತಿ ಶಾಲೆಯೊಂದನ್ನು ಸೇರಿದಳು. ಅದಕ್ಕಾಗಿ ಮೊದಲು ಆಫ್ಘಾನಿಸ್ತಾನಕ್ಕೆ ಹೋಗಿ ಪಾಸ್‌ಪೋರ್ಟ್ ಪಡೆಯಬೇಕಾಯಿತು. ಹೋಗುತ್ತಿರುವುದೆಲ್ಲಿಗೆಂದು ಮನೆಯವರಿಗೆ ತಿಳಿಸಿದ್ದು ತಲುಪಿದ ಮೇಲೆ. ಮುಂದೆ ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕಾಲೇಜಿನಲ್ಲಿ ಮಾನವ ಹಕ್ಕು ಮತ್ತು ಸಂಗೀತಗಳನ್ನು ಅಭ್ಯಾಸ ಮಾಡಿದಳು. ಬಾಲ್ಯವಿವಾಹದ ವಿರುದ್ಧ ಹಲವು ದೇಶಗಳಲ್ಲಿ ಮಾತನಾಡಿದಳು, ಹಾಡಿದಳು.

ಇಷ್ಟಾದರೂ ಈ ಕಥೆಯನ್ನು ಅಮೆರಿಕೆಯ ಉದ್ಧಾರಕಥೆಯಾಗಿ ಓದುವುದು ಅಪೂರ್ಣ. ಒಬ್ಬಳು ಪಾರಾದಳು. ಟೆಹರಾನಿನ ಅದೇ ಆಶ್ರಯಕೇಂದ್ರದಲ್ಲಿ ತಮ್ಮ ತಮ್ಮ ಬೆಲೆಗಳನ್ನು ಮಾಮೂಲು ಸಂಗತಿಯೆಂಬಂತೆ ಮಾತನಾಡಿಕೊಳ್ಳುವ ಗೆಳತಿಯರನ್ನೂ ಆ ಚಿತ್ರ ತೋರಿಸುತ್ತದೆ. ಅವರಿಗಾಗಿ ಯಾವ ಶಾಲೆಯಿಂದಲೂ ಪತ್ರ ಬರಲಿಲ್ಲ. 2021ರ ಆಗಸ್ಟಿನಲ್ಲಿ ತಾಲಿಬಾನರು ಮರಳಿ ಕಾಬೂಲನ್ನು ಹಿಡಿದರು. ಆರನೆಯ ತರಗತಿಯಿಂದ ಮುಂದಕ್ಕೆ ಹುಡುಗಿಯರ ಶಾಲೆ ಮುಚ್ಚಿತು. 2024ರಲ್ಲಿ ಹೊರಟ ಕಾನೂನು ಸಾರ್ವಜನಿಕ ಸ್ಥಳದಲ್ಲಿ ಹೆಣ್ಣಿನ ದನಿ ಕೇಳಿಸುವುದನ್ನೇ ನಿರ್ಬಂಧಿಸಿತು. ಹತ್ತು ವರ್ಷಗಳ ಹಿಂದೆ ಗೀತೆಯ ಆರಂಭದಲ್ಲಿ ವ್ಯಂಗ್ಯವಾಗಿ ಬಂದ ಪಿಸುಮಾತು ಹೀಗೆ ರಾಜಶಾಸನವಾಯಿತು. ಇನ್ನೊಂದೆಡೆ, ಮಗಳ ಹಾಡನ್ನು ಒಪ್ಪದಿದ್ದ ತಾಯಿ ಕಾಲಾಂತರದಲ್ಲಿ ಅದನ್ನು ಮೆಚ್ಚಿಕೊಂಡಳು. ಗೀತೆಯ ಪರಿಣಾಮವನ್ನು ಅಳೆಯುವವರು ಪ್ರಶಸ್ತಿಗಳಿಗಿಂತ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗೀತೆಯನ್ನು ಕನ್ನಡಕ್ಕೆ ತರಹೊರಟವರಿಗೆ ತೊಡಕು ಶೀರ್ಷಿಕೆಯಲ್ಲಿಯೇ ಇದೆ. ಇಂಗ್ಲಿಷಿನವರು ‘ಮಾರಾಟಕ್ಕಿರುವ ವಧುಗಳು’ ಎಂಬರ್ಥದ ಹೆಸರನ್ನಿಟ್ಟರು. ಅದರಲ್ಲಿ ‘ದೊಖ್ತರ್’ ಇಲ್ಲ. ಮಾರುವವರು ವಧುವನ್ನಲ್ಲ, ಮಗಳನ್ನು. ಕೊಳ್ಳುವವನ ಮನೆ ಸೇರಿದ ಮೇಲಷ್ಟೇ ಅವಳು ವಧು. ‘ಕನ್ಯಾವಿಕ್ರಯ’ವೆಂದರೆ ಶಾಸ್ತ್ರದ ವಾಸನೆ ಬರುತ್ತದೆ, ‘ತೆರ’ ಎಂದರೆ ಹಣ ಮಾತ್ರ ಕಾಣುತ್ತದೆ. ‘ಮಗಳ ಮಾರಾಟ’ ಎಂಬುದು ಹತ್ತಿರದ ಮಾತು. ಆದರೆ ಸೊನಿತಾಳ ತಾಯಿ ಆ ಕ್ರಿಯಾಪದವನ್ನು ಬಳಸಿರಲಾರಳು. ನಮ್ಮ ಮನೆಗಳಲ್ಲಿ ಇಂದಿಗೂ ಹೇಳುವಂತೆ, ಮಗಳನ್ನು ಕೊಡುತ್ತೇವೆ, ಮಗನಿಗೆ ತರುತ್ತೇವೆ ಎಂದೇ ಆಕೆಯೂ ಹೇಳಿದ್ದಾಳು.